ಅಂಗಡಿ ಮೇಲೆ ಸಿಟ್ಟು, ಕೆರೆ ಮೇಲೆ ಕಟ್ಟಡ

ಬೆಂಗಳೂರು ಯಾಕೆ ಹೀಗಾಯಿತು ಎಂದು ಯಾರನ್ನೇ ಕೇಳಿ, ಉತ್ತರ ಸಿದ್ಧವಾಗಿರುತ್ತದೆ. ಮನೆಗಳಿದ್ದ ಬೀದಿಗೆ ಅಂಗಡಿ ಬಂತು. ಅಂಗಡಿ ಬೆನ್ನಿಗೆ ದರ್ಶಿನಿ, ದರ್ಶಿನಿ ಬೆನ್ನಿಗೆ ಪಿ.ಜಿ., ಕೊನೆಗೆ ಪಬ್ಬು. ವಲಯ ನಿಯಮ ಅಂತ ಒಂದಿತ್ತು, ಅದನ್ನು ಗಾಳಿಗೆ ತೂರಿದರು. ವಸತಿ ಪ್ರದೇಶವನ್ನು ವಸತಿಗೇ ಬಿಟ್ಟಿದ್ದರೆ ಊರು ಉಳಿಯುತ್ತಿತ್ತು. ನಿವಾಸಿಗಳ ಸಂಘದ ಸಭೆಯಲ್ಲಿ ಇದೇ ಮಾತು, ಹೈಕೋರ್ಟಿಗೆ ಹೋಗುವ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಇದೇ ಮಾತು, ಚುನಾವಣೆ ಹೊತ್ತಿಗೆ ಕೈಮುಗಿದು ಬರುವ ಅಭ್ಯರ್ಥಿಯ ಬಾಯಲ್ಲೂ ಇದೇ ಮಾತು. 2023ರ ಜನವರಿಯಲ್ಲಿ ಚಂಡೀಗಢದ ಹಳೆಯ ಸೆಕ್ಟರುಗಳ ಮನೆಗಳನ್ನು ಮಹಡಿವಾರು ಅಪಾರ್ಟ್‌ಮೆಂಟುಗಳಾಗಿ ಒಡೆಯುವುದನ್ನು ತಡೆದ ಸುಪ್ರೀಂ ಕೋರ್ಟ್ ಕೂಡ, ಎಚ್ಚರಿಕೆಗೆಂದು ಬೆರಳು ತೋರಿಸಿದ್ದು ಬೆಂಗಳೂರಿನ ಕಡೆಗೇ.

ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವ ಮಾತನ್ನು ಒಮ್ಮೆ ಅಲ್ಲಾಡಿಸಿ ನೋಡಬೇಕು. ನನ್ನ ತಕರಾರು ಸರಳ. ನಮ್ಮ ವಲಯ ನಿಯಮಾವಳಿ ಜಾರಿಯಾಗದೆ ಸೋತಿದ್ದಲ್ಲ, ಅಳೆಯಬಾರದ್ದನ್ನು ಅಳೆಯುತ್ತ ಕೂತು ಸೋತಿದೆ. ಒಂದು ಕಟ್ಟಡ ಅಕ್ಕಪಕ್ಕದವರಿಗೆ ಏನು ತೊಂದರೆ ಕೊಡುತ್ತಿದೆ ಎಂದು ಅದು ಕೇಳುವುದಿಲ್ಲ. ಒಳಗೆ ಏನು ನಡೆಯುತ್ತಿದೆ, ಅದರ ಹೆಸರೇನು ಎಂದು ಕೇಳುತ್ತದೆ. ಕಟ್ಟುನಿಟ್ಟು ಮಾಡಿ ಎನ್ನುವವರು ಈ ತಪ್ಪು ಪ್ರಶ್ನೆಯನ್ನೇ ಇನ್ನೂ ಜೋರಾಗಿ ಕೇಳಿ ಎನ್ನುತ್ತಿದ್ದಾರೆ.

ನಿಯಮದ ಪುಸ್ತಕ ತೆರೆದರೆ ಇದು ಗೊತ್ತಾಗುತ್ತದೆ. ಬೆಂಗಳೂರಿಗೆ ಈಗಲೂ ಆಧಾರವಾಗಿರುವುದು 2007ರ ಜೂನ್‌ನಲ್ಲಿ ಸರ್ಕಾರ ಒಪ್ಪಿದ ‘ಪರಿಷ್ಕೃತ ಮಹಾಯೋಜನೆ 2015’. ಊರನ್ನು ಮೂರು ವರ್ತುಲಗಳಾಗಿ ಹಂಚಿ, ನಕ್ಷೆಗೆ ಬಣ್ಣ ಬಳಿದು, ವಸತಿಯಲ್ಲೇ ‘ಮುಖ್ಯ’ ಮತ್ತು ‘ಮಿಶ್ರ’ ಎಂದು ಎರಡು ಮಾಡಿ, ವಾಣಿಜ್ಯ ಬಳಕೆಯನ್ನು ಸಿ-1ರಿಂದ ಸಿ-5ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದಾರೆ. ಕ್ಷೌರದಂಗಡಿ ಯಾವ ಮೆಟ್ಟಿಲು, ಟೀ ಅಂಗಡಿ ಯಾವುದು, ದರ್ಶಿನಿ ಯಾವುದು, ಕಲ್ಯಾಣಮಂಟಪ ಯಾವುದು ಎಂಬುದೆಲ್ಲ ಅಲ್ಲಿದೆ. ಮುಖ್ಯ ವಸತಿ ವಲಯದಲ್ಲಿ ವಸತಿಯೇತರ ಬಳಕೆ ಕಟ್ಟಡದ ಶೇ 20 ಅಥವಾ 50 ಚದರ ಮೀಟರು, ಯಾವುದು ಕಡಿಮೆಯೋ ಅಷ್ಟು. ಜತೆಗೆ ರಸ್ತೆ ಎಷ್ಟು ಅಗಲ ಎಂಬ ಲೆಕ್ಕ. ಶ್ರದ್ಧೆಯಿಂದ ಮಾಡಿದ ಕೆಲಸ, ಇಲ್ಲ ಎನ್ನಲಾರೆ. ಆದರೆ ಒಂದು ಟೈಲರ್ ಅಂಗಡಿಯ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಂಡ ಊರು ಮಳೆನೀರಿನ ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬುದನ್ನು ಮರೆತೇಬಿಟ್ಟಿತು.

ಈ ವಿಂಗಡಣೆ ಈ ಊರಿನ ಸ್ವಭಾವಕ್ಕೆ ಹೊರಗಿನದು. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ: ಬೆಂಗಳೂರು ಹುಟ್ಟಿದ್ದೇ ಕೆಳಗೆ ಮಳಿಗೆ, ಮೇಲೆ ಮನೆ ಎಂಬ ಕಟ್ಟಡಗಳಲ್ಲಿ. ಪೇಟೆಗಳೂ ವಲಯಗಳೇ ಅಲ್ಲವೇ, ಒಂದೊಂದು ಕಸುಬಿಗೆ, ಒಂದೊಂದು ಜಾತಿಗೆ ಒಂದೊಂದು ಬೀದಿ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಇತ್ತು. ಆದರೆ ಗಾಣಿಗರಪೇಟೆಯಲ್ಲಿ ಎಣ್ಣೆ ಒಂದು ಕಡೆ, ಗಾಣಿಗನ ಮನೆ ಐದು ಮೈಲಿ ಆಚೆ ಇರಲಿಲ್ಲ. 1898ರ ಪ್ಲೇಗಿನ ನಂತರ, ಗಾಳಿ ಬೆಳಕು ಬರಲಿ ಎಂದೇ ಅಳತೆ ಮಾಡಿ ಕಟ್ಟಿದ ಬಸವನಗುಡಿ, ಮಲ್ಲೇಶ್ವರಗಳಲ್ಲೂ ಗಾಂಧಿ ಬಜಾರ್ ಇದೆ, ಎಂಟನೇ ಕ್ರಾಸಿನ ಅಂಗಡಿಸಾಲು ಇದೆ. ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನವನ್ನು, ಶಂಕರಪುರದ ಮನೆಗಳ ನಡುವಿನ ಬ್ರಾಹ್ಮಿನ್ಸ್ ಕಾಫಿ ಬಾರನ್ನು ಊರಿನ ಆಸ್ತಿ ಎಂದು ಹೊಗಳುತ್ತೇವೆ. ಹೊರಗಿನಿಂದ ನೆಂಟರು ಬಂದರೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸುತ್ತೇವೆ. ಅಂಥದ್ದೇ ಒಂದು ಹೋಟೆಲು ನಾಳೆ ನಮ್ಮ ಅಡ್ಡರಸ್ತೆಯಲ್ಲಿ ಬಾಗಿಲು ತೆಗೆದರೆ ಸಂಘದ ಲೆಟರ್‌ಹೆಡ್ಡಿನಲ್ಲಿ ದೂರು ಟೈಪಾಗುತ್ತದೆ. ಊರಿಗೆ ಕೀರ್ತಿ ತಂದ ಉದ್ಯಮವೂ ಹೀಗೇ ಬಂತು. 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭವಾದದ್ದು ಕೋರಮಂಗಲದ ಒಂದು ವಾಸದ ಫ್ಲಾಟಿನಲ್ಲಿ, ಯಾವ ವಾಣಿಜ್ಯ ಸಂಕೀರ್ಣದಲ್ಲೂ ಅಲ್ಲ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಗಳ ಮಾದರಿ ಬೇರೆ. ಇಡೀ ಬಡಾವಣೆಗೆ ಒಂದು ಕಾಂಪ್ಲೆಕ್ಸು, ಉಳಿದದ್ದೆಲ್ಲ ಮನೆ. ಕರಿಬೇವು ಬೇಕೆಂದರೂ ಗಾಡಿ ತೆಗೆಯಬೇಕು. ಆಮೇಲೆ ಅದೇ ಬಡಾವಣೆಯವರು ಟ್ರಾಫಿಕ್ ಜಾಸ್ತಿಯಾಯಿತು, ಪಾರ್ಕಿಂಗ್ ಇಲ್ಲ ಎಂದು ಗೋಳಾಡುತ್ತಾರೆ. ಮನೆಯಿಂದ ಕೆಲಸ, ಕೆಲಸದಿಂದ ಅಂಗಡಿ, ಅಂಗಡಿಯಿಂದ ಶಾಲೆ, ಎಲ್ಲವನ್ನೂ ಒಂದರಿಂದೊಂದು ದೂರ ಇಟ್ಟು, ಜನ ಗಾಡಿ ತೆಗೆದರೆ ಸಿಟ್ಟಾಗುವುದು ಯಾವ ನ್ಯಾಯವೋ ಕಾಣೆ.

ಕಿರಿದಾದ ರಸ್ತೆಯಲ್ಲಿ ಅಂಗಡಿ ಬೇಡ ಎಂಬ ನಿಯಮವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹನ್ನೆರಡು ಮೀಟರು, ಅಂದರೆ ಮಾತಿನಲ್ಲಿ 40 ಅಡಿ. ಅದಕ್ಕಿಂತ ಕಿರಿದಾದ ಬೀದಿಯಲ್ಲಿ ವ್ಯಾಪಾರ ನಡೆಯಬಾರದು ಎಂಬುದು ನಿವಾಸಿ ಸಂಘಗಳು ಹೋರಾಡಿ ಗಳಿಸಿಕೊಂಡ ಗೆರೆ. ಕೇಳಲು ಎಷ್ಟು ಸಮಂಜಸ! ಸಣ್ಣ ರಸ್ತೆ, ಗಾಡಿ ನಿಲ್ಲಿಸಲು ಜಾಗವಿಲ್ಲ, ವ್ಯಾಪಾರ ಬೇಡ. ಆದರೆ 40 ಅಡಿ ರಸ್ತೆ ಇರುವುದು ಯಾರ ಮನೆ ಮುಂದೆ? ಬಿಡಿಎ ಹಂಚಿದ ದೊಡ್ಡ ನಿವೇಶನಗಳ ಮುಂದೆ. ರೆವಿನ್ಯೂ ಬಡಾವಣೆಯಲ್ಲಿ, ಗ್ರಾಮಠಾಣೆಯಲ್ಲಿ, ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬಾಡಿಗೆಗಿರುವ ಗಲ್ಲಿಗಳಲ್ಲಿ ರಸ್ತೆ 20 ಅಡಿ, ಹೆಚ್ಚೆಂದರೆ 30. ಬೆಳಿಗ್ಗೆ ಕಾರ್ಖಾನೆಗೆ ಓಡಿ ಕತ್ತಲಾದ ಮೇಲೆ ಮನೆಗೆ ಬರುವ, ಕಾರೂ ಸ್ಕೂಟರೂ ಇಲ್ಲದ ಹೆಂಗಸಿಗೆ ಮನೆಯ ಮಗ್ಗುಲಲ್ಲೇ ಹಾಲು, ಮೊಟ್ಟೆ, ಮಾತ್ರೆ, ಮೊಬೈಲ್ ರೀಚಾರ್ಜು ಸಿಗಬೇಕು. ಅಂಗಡಿ ಎಲ್ಲಿ ಅತ್ಯಗತ್ಯವೋ ಅಲ್ಲೇ ಅದು ಅಕ್ರಮ. ಪ್ರತಿ ಮನೆಯಲ್ಲೂ ಎರಡೆರಡು ಕಾರಿರುವ ಕಡೆ ಸಕ್ರಮ. ಈ ಗೆರೆ ಎಳೆದವರಿಗೆ ದುರುದ್ದೇಶವಿತ್ತು ಎನ್ನುತ್ತಿಲ್ಲ. ತಮ್ಮ ಬೀದಿಯನ್ನೇ ಇಡೀ ಊರು ಎಂದುಕೊಂಡು ಎಳೆದಿದ್ದಾರೆ, ಅಷ್ಟೇ.

ಈ ಕಲ್ಪನೆ ಎಲ್ಲಿಂದ ಬಂತು ಎಂದು ಹುಡುಕಿದರೆ ಅಮೆರಿಕದ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಸಣ್ಣ ಊರಿಗೆ ಹೋಗಬೇಕಾಗುತ್ತದೆ. ಕ್ಲೀವ್‌ಲ್ಯಾಂಡ್ ನಗರದ ಕಾರ್ಖಾನೆಗಳು ತನ್ನ ಕಡೆ ಹಬ್ಬುತ್ತವೆಂದು ಹೆದರಿದ ಆ ಊರು ಜಮೀನನ್ನೆಲ್ಲ ಬಳಕೆಯ ಪ್ರಕಾರ ಹೋಳು ಮಾಡಿತು. ಆಂಬ್ಲರ್ ಎಂಬ ಭೂಮಿ ಕಂಪನಿ ಕೋರ್ಟಿಗೆ ಹೋಯಿತು. ಕೆಳ ನ್ಯಾಯಾಲಯದ ನ್ಯಾಯಾಧೀಶರು ಕಾನೂನಿನ ಒಳಮರ್ಮ ಹಿಡಿದಿದ್ದರು: ಜನರನ್ನು ಅವರವರ ಆದಾಯ, ಅಂತಸ್ತಿನ ಪ್ರಕಾರ ಬೇರೆ ಮಾಡುವುದೇ ಇದರ ಫಲ ಎಂದು 1924ರಲ್ಲಿ ಬರೆದರು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ನ್ಯಾಯಮೂರ್ತಿ ಸದರ್ಲೆಂಡ್ ಬರೆದ ತೀರ್ಪು, ಒಂಟಿಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟನ್ನು ಪರಾವಲಂಬಿ ಎಂದು ಕರೆಯಿತು. ಕಾರ್ಖಾನೆಯ ಹೊಗೆಗೆ ಹೆದರಿ ಮಾಡಿದ ಕಾನೂನು ಬಾಡಿಗೆದಾರನ ಮೇಲೆ ಬಂದು ನಿಂತಿತು. ಅದಕ್ಕೂ ಮುಂಚೆ, 1910ರಲ್ಲಿ, ಬಾಲ್ಟಿಮೋರ್ ನಗರ ಕರಿಯರಿಗೊಂದು, ಬಿಳಿಯರಿಗೊಂದು ಬೀದಿ ಎಂದು ನೇರವಾಗಿಯೇ ಕಾನೂನು ಮಾಡಿತ್ತು. 1917ರಲ್ಲಿ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನು ಹೊಡೆದುಹಾಕಿತು. ಚರ್ಮದ ಬಣ್ಣ ಹೇಳುವಂತಿಲ್ಲದ ಕಡೆ ನಿವೇಶನದ ಅಳತೆ, ಮನೆಯ ಮಾದರಿ ಹೇಳಿದರೆ ಸಾಕಾಯಿತು. ಇಂದು ಆ ದೇಶವೇ ತನ್ನ ನಿಯಮವನ್ನು ಬಿಚ್ಚುತ್ತಿದೆ. ಒಂಟಿಮನೆಗಷ್ಟೇ ಮೀಸಲಾದ ವಲಯಗಳನ್ನು ಕೈಬಿಡುವ ಯೋಜನೆಯನ್ನು ಮಿನಿಯಾಪೊಲಿಸ್ ನಗರ 2018ರಲ್ಲಿ ಒಪ್ಪಿತು.

ಇಂಥವರಿಗೊಂದು ಜಾಗ, ಅಂಥವರಿಗೊಂದು ಜಾಗ ಎಂಬುದನ್ನು ನಾವು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ ಬಿಡಿ. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ ಇದ್ದ ನಾಡು ನಮ್ಮದು. ಆದ್ದರಿಂದಲೇ ‘ಬಡಾವಣೆಯ ಸ್ವರೂಪ ಕೆಡುತ್ತದೆ’ ಎಂಬ ಮಾತು ಕೇಳಿದಾಗ ನನಗೆ ಅನುಮಾನ. ಪಿ.ಜಿ. ಬೇಡ ಎನ್ನುವವರ ದೂರು ಕೊಳಚೆ ನೀರಿನಿಂದ ಶುರುವಾಗಿ ‘ಎಲ್ಲಿಂದಲೋ ಬಂದ ಹುಡುಗ ಹುಡುಗಿಯರು’ ಎಂಬಲ್ಲಿಗೆ ಬಹಳ ಬೇಗ ತಲುಪುತ್ತದೆ. ಕೊಳಚೆ ನೀರು ಉಕ್ಕಿದರೆ ದಂಡ ಹಾಕಿ, ಕೋಣೆಯಲ್ಲಿ ಉಸಿರಾಡಲಾಗದಷ್ಟು ಹಾಸಿಗೆ ತುಂಬಿದರೆ ಬೀಗ ಜಡಿಯಿರಿ. ಅದಕ್ಕೆ ವಲಯ ಯಾಕೆ ಬೇಕು? ಅದೇ ಬೀದಿಯ ಬಂಗಲೆಯ ಕೊಳಚೆ ಮೋರಿಗೆ ಹೋಗುತ್ತಿದ್ದರೆ ಅದು ವಸತಿ ಕೊಳಚೆ, ಪವಿತ್ರ ಎಂದೇ?

ತಪ್ಪು ವಿಂಗಡಣೆಗೆ ಇನ್ನೊಂದು ಗುಣವಿದೆ. ಎಲ್ಲರನ್ನೂ ತಪ್ಪಿತಸ್ಥರನ್ನಾಗಿ ಮಾಡುತ್ತದೆ. 30×40 ನಿವೇಶನದಲ್ಲಿ ಸೆಟ್‌ಬ್ಯಾಕ್ ಬಿಟ್ಟು, ನಕ್ಷೆಯಲ್ಲಿದ್ದಷ್ಟೇ ಕಟ್ಟಿ, ಕೆಳಗೆ ಪಾರ್ಕಿಂಗ್ ಎಂದು ತೋರಿಸಿದ್ದನ್ನು ಪಾರ್ಕಿಂಗಿಗೇ ಬಿಟ್ಟವರು ನಿಮ್ಮ ಬೀದಿಯಲ್ಲಿ ಎಷ್ಟು ಜನ? ಎಲ್ಲರೂ ಮುರಿಯುವ ನಿಯಮವೆಂದರೆ ಇನ್‌ಸ್ಪೆಕ್ಟರನಿಗೆ ಬರೆದುಕೊಟ್ಟ ಖಾಲಿ ಚೆಕ್ಕು. ಯಾರ ಬಾಗಿಲು ಬಡಿಯಬೇಕು, ಯಾರದ್ದು ಬೇಡ ಎಂಬುದು ಅವನ ಮರ್ಜಿ. ಸರ್ಕಾರವಂತೂ ನಿಯಮ ಮಾಡುವುದು ಒಂದು ಕೈಯಲ್ಲಿ, ಮಾಫಿ ಮಾಡುವುದು ಇನ್ನೊಂದು ಕೈಯಲ್ಲಿ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 2007ರಲ್ಲಿ ಅಕ್ರಮ-ಸಕ್ರಮದ ಕಲಂ ಸೇರಿಸಿದರು. ವಾಸದ ಕಟ್ಟಡದಲ್ಲಿ ಶೇ 50ರವರೆಗೆ, ಬೇರೆ ಕಟ್ಟಡದಲ್ಲಿ ಶೇ 25ರವರೆಗೆ ಉಲ್ಲಂಘನೆಯಾಗಿದ್ದರೆ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಿ ಎಂದರು. ಅರ್ಧಕ್ಕರ್ಧ ಮೀರಿದರೂ ಕ್ಷಮೆ ಎಂದಾದರೆ ಮೂಲ ನಿಯಮಕ್ಕೆ ಸರ್ಕಾರವೇ ಕೊಟ್ಟ ಅಂಕ ಎಷ್ಟು? 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

2025ರ ಕಥೆಯೂ ಅದೇ. ಸ್ವಾಧೀನಾನುಭವ ಪತ್ರ (ಓ.ಸಿ.) ಇಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಬೇಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಸಾಲ ಮಾಡಿ ಮನೆ ಕಟ್ಟಿ ಗೃಹಪ್ರವೇಶಕ್ಕೆ ದಿನ ನೋಡುತ್ತಿದ್ದವರು ಓ.ಸಿ. ಅಂದರೇನು ಎಂದು ಮೊದಲ ಸಲ ಕೇಳಿದರು. ಕೊನೆಗೆ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಅಂದರೆ ಊರಿನ ಸಾಮಾನ್ಯ ನಿವೇಶನಕ್ಕೇ ನಿಯಮ ಹೊಂದುತ್ತಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಹೊಂದದ ನಿಯಮವನ್ನು ತಿದ್ದುವ ಬದಲು ಆಗಾಗ ಬಾಗಿಲು ತೆರೆದು ಒಂದಷ್ಟು ಜನರನ್ನು ಒಳಗೆ ಬಿಟ್ಟುಕೊಳ್ಳುವುದು ನಮ್ಮ ಆಡಳಿತದ ರೂಢಿ.

ದೊಡ್ಡವರಿಗೆ ಈ ಕ್ಷಮೆಯೂ ಬೇಕಿಲ್ಲ. ಅವರಿಗಾಗಿ ಅದೇ ಕಾಯ್ದೆಯ 14ಎ ಕಲಂ ಇದೆ, ಭೂ ಉಪಯೋಗ ಬದಲಾವಣೆ. ಅರ್ಜಿ, ಶುಲ್ಕ, ಪತ್ರಿಕೆಯ ಮೂಲೆಯಲ್ಲೊಂದು ಪ್ರಕಟಣೆ, ಕೇಳಿದವರಿದ್ದರೆ ಆಕ್ಷೇಪಣೆ. ಎಕರೆಗಟ್ಟಲೆ ಜಮೀನಿನ ಬಣ್ಣ ಬದಲಾಗುತ್ತದೆ. ಬಣ್ಣವನ್ನೇ ಬದಲಾಯಿಸಬಲ್ಲವನಿಗೆ ನಿಯಮದ ಭಯವಿಲ್ಲ. ಭಯ ಇರುವುದು ಗ್ಯಾರೇಜಿನಲ್ಲಿ ಹಿಟ್ಟಿನ ಗಿರಣಿ ಇಟ್ಟವನಿಗೆ.

ಎದುರು ಪಕ್ಷದ ಗಟ್ಟಿ ವಾದವನ್ನು ನಾನು ತಪ್ಪಿಸಿಕೊಂಡು ಹೋಗುವುದಿಲ್ಲ. ಇಂದಿರಾನಗರದ ನೂರಡಿ ರಸ್ತೆಯ, ಹನ್ನೆರಡನೇ ಮೇನ್‌ನ ಹಿಂದಿನ ಬೀದಿಗಳಲ್ಲಿ ನಲವತ್ತು ವರ್ಷದಿಂದ ಇರುವ ಹಿರಿಯರು ರಾತ್ರಿ ನಿದ್ದೆ ಮಾಡಲಾಗದೆ ಒದ್ದಾಡುವುದು ಸುಳ್ಳಲ್ಲ. ಗೇಟಿಗೆ ಅಡ್ಡ ನಿಂತ ಕಾರು, ಕಾಂಪೌಂಡಿಗೆ ಉಚ್ಚೆ ಹೊಯ್ಯುವ ಕುಡುಕ, ಎದೆಗೇ ಬಡಿಯುವ ಸಂಗೀತ: ಇದನ್ನೆಲ್ಲ ‘ನಗರ ಜೀವನ’ ಎಂದು ಸಹಿಸಿಕೊಳ್ಳಿ ಎನ್ನುವವನು ಅಲ್ಲಿ ಒಂದು ವಾರ ಮಲಗಿ ಬರಲಿ. ಆದರೆ ಈ ಪಟ್ಟಿಯಲ್ಲಿರುವ ಒಂದೊಂದಕ್ಕೂ ಬೇರೆ ಕಾನೂನು ಆಗಲೇ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿತಿ 45 ಡೆಸಿಬಲ್. ಅಬಕಾರಿ ಸಮಯವಿದೆ, ಅಡ್ಡ ನಿಂತ ಗಾಡಿ ಎತ್ತುವ ಅಧಿಕಾರವಿದೆ. ಮೀಟರು ಹಿಡಿದುಕೊಂಡು ರಾತ್ರಿ ಹನ್ನೊಂದಕ್ಕೆ ಬರುವ ಅಧಿಕಾರಿ ಮಾತ್ರ ಇಲ್ಲ. ಈ ಕೊರತೆಗೆ ವಲಯ ಮದ್ದಲ್ಲ. ಪಬ್ಬಿನ ಮೇಲಿನ ಸಿಟ್ಟಿನಲ್ಲಿ ನಿಯಮ ಬಿಗಿ ಮಾಡಿದಾಗ ಪಬ್ಬಿನವನು ವಕೀಲನನ್ನು ಹಿಡಿದು ತಡೆಯಾಜ್ಞೆ ತರುತ್ತಾನೆ. ಪಕ್ಕದ ಇಸ್ತ್ರಿಯವನ ಉದ್ದಿಮೆ ಪರವಾನಗಿ ನವೀಕರಣ ಆಗುವುದಿಲ್ಲ.

ಸರಿಯಾದ ಬಣ್ಣದ ಜಾಗದಲ್ಲಿ ಕೂತಿದ್ದರೆ ಅಪಾಯವಿಲ್ಲ ಎಂಬ ನಂಬಿಕೆಗೂ ಈ ಊರು ಬೆಲೆ ತೆತ್ತಿದೆ. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹೊತ್ತಿ ಒಂಬತ್ತು ಜನ ಸತ್ತರು. ಅದು ಮನೆಗಳ ಸಾಲಿನಲ್ಲಿ ನುಸುಳಿಕೊಂಡ ಅಂಗಡಿಯಲ್ಲ, ದೊಡ್ಡ ರಸ್ತೆಯ ಮೇಲಿನ ವಾಣಿಜ್ಯ ಸಂಕೀರ್ಣ. ಹೊಗೆಯಲ್ಲಿ ಸಿಕ್ಕಿಕೊಂಡವರಿಗೆ ಬೇಕಾಗಿದ್ದದ್ದು ತೆರೆದುಕೊಳ್ಳುವ ಒಂದು ತುರ್ತು ಬಾಗಿಲು.

ಹಾಗಾದರೆ ನಿಯಮವೇ ಬೇಡವೇ? ಬೇಕು, ಈಗಿರುವುದಕ್ಕಿಂತ ಕಠಿಣವಾಗಿ ಬೇಕು. ನೆಲ ಒಮ್ಮೆ ಕೈತಪ್ಪಿದರೆ ವಾಪಸು ಬಾರದ ಕಡೆ ಬೇಕು. ಮುಚ್ಚಿದ ಅಂಗಡಿ ಮತ್ತೆ ಮನೆಯಾಗುತ್ತದೆ, ಮನೆ ಮತ್ತೆ ಅಂಗಡಿಯಾಗುತ್ತದೆ. ಕೆರೆ ಮಾತ್ರ ಬಸ್‌ಸ್ಟ್ಯಾಂಡ್ ಆದ ಮೇಲೆ ಮತ್ತೆ ಕೆರೆಯಾಗುವುದಿಲ್ಲ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಇವನ್ನು ಮಾಡಿದ್ದು ಯಾವ ಚಿಲ್ಲರೆ ಅಂಗಡಿಯವನೂ ಅಲ್ಲ, ಯೋಜನೆ ಹಾಕಿದವರೇ. ಇರುವ ನೀರಿನ ಅಂಚನ್ನಾದರೂ ಕಾಪಾಡಿಕೊಂಡೆವೋ? ಕೆರೆಯ ಸುತ್ತ 30 ಮೀಟರು, ರಾಜಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರು ಮೀಸಲು ಎಂದು ಮಹಾಯೋಜನೆ ಹೇಳಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತಲಿನದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ ಮತ್ತೆ 30ಕ್ಕೆ ಇಳಿಸಿತು. 2025ರಲ್ಲಿ ರಾಜ್ಯ ಸರ್ಕಾರ ಕೆರೆಯ ವಿಸ್ತೀರ್ಣ ಸಣ್ಣದಾದಷ್ಟೂ ಮೀಸಲನ್ನೂ ಸಣ್ಣದು ಮಾಡುವ ಮಸೂದೆ ತಂದಿತು. ಸಣ್ಣ ಕೆರೆಯೇ ಮೊದಲು ಕಣ್ಮರೆಯಾಗುವುದು ಎಂಬುದು ಆ ಮಸೂದೆ ಬರೆದವರಿಗೆ ತಿಳಿಯದೇನಲ್ಲ.

2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಯಮಲೂರಿನಲ್ಲಿ ಐ.ಟಿ. ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಚಿತ್ರ ಲೋಕವೆಲ್ಲ ನೋಡಿತು. ಅನುಮತಿ ಪಡೆದು, ವಸತಿ ವಲಯದಲ್ಲೇ ವಸತಿ ಕಟ್ಟಿಕೊಂಡವರ ಹಾಲಿಗೂ ನೀರು ನುಗ್ಗಿತು. ನೀರಿಗೆ ನಕ್ಷೆಯ ಹಳದಿ, ನೀಲಿ ಗೊತ್ತಾಗುವುದಿಲ್ಲ, ಇಳಿಜಾರು ಗೊತ್ತಾಗುತ್ತದೆ. ಆ ಮಳೆಯ ನಂತರವಾದರೂ ಊರಿನ ನಿಯಮದ ಚರ್ಚೆ ಇಳಿಜಾರಿನಿಂದ ಶುರುವಾಗಬೇಕಿತ್ತು. ಎರಡು ತಿಂಗಳಲ್ಲಿ ನಾವು ಮತ್ತೆ ಪಿ.ಜಿ. ವಿಷಯಕ್ಕೆ ಬಂದಿದ್ದೆವು.

ನಿವಾಸಿಗಳ ಹೋರಾಟವೇ ತಪ್ಪು ಎಂಬ ಅರ್ಥ ಯಾರೂ ತೆಗೆಯಬಾರದು. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಮುದ್ದಪ್ಪ ಪ್ರಕರಣದಲ್ಲಿ ಆ ಹಂಚಿಕೆಯನ್ನು ರದ್ದು ಮಾಡಿತು. ದೇಶದ ಎಲ್ಲ ಊರುಗಳ ಉದ್ಯಾನಗಳಿಗೂ ಆ ತೀರ್ಪು ಇಂದು ಕಾವಲು. ಅವರು ಕಾಪಾಡಿದ್ದು ಎಲ್ಲರದಾದ, ಮತ್ತೆ ಸಿಗದ ನೆಲವನ್ನು. ಅದೇ ಶಕ್ತಿಯನ್ನು ಇಂದಿನ ಸಂಘಗಳು ಬೇಕರಿ ಮುಚ್ಚಿಸಲು ಖರ್ಚು ಮಾಡುವುದು ನೋಡಿದರೆ ಬೇಸರವಾಗುತ್ತದೆ.

ಮನೆ, ಅಂಗಡಿ ಒಟ್ಟಿಗಿದ್ದರೆ ಊರು ಕೆಡುತ್ತದೆ ಎನ್ನುವವರು ಜಪಾನನ್ನು ನೋಡಲಿ. ಅಲ್ಲಿ ಇಡೀ ದೇಶಕ್ಕೆ ಸೇರಿ ವಲಯಗಳು ಹದಿಮೂರು. ಅತ್ಯಂತ ಬಿಗಿಯಾದ ವಸತಿ ವಲಯದಲ್ಲೂ ಮನೆಯ ಜತೆಗೆ ಸಣ್ಣ ಅಂಗಡಿ ಇಟ್ಟುಕೊಳ್ಳಲು ಕಾನೂನೇ ಅವಕಾಶ ಕೊಡುತ್ತದೆ. ಟೋಕಿಯೊದ ಬೀದಿಗಳನ್ನು ಫೋಟೊದಲ್ಲಿ ನೋಡಿ ಎಷ್ಟು ಚೆಂದ ಎನ್ನುವ ನಮ್ಮವರು ಆ ಅಂಗಡಿಗಳನ್ನು ಗಮನಿಸುವುದೇ ಇಲ್ಲ.

ಈಗ ಅವಕಾಶವೊಂದಿದೆ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕಾದ ನಮ್ಮ ಮಹಾಯೋಜನೆ ಹದಿನೆಂಟು ವರ್ಷ ದಾಟಿದೆ. 2017ರಲ್ಲಿ ಪ್ರಕಟವಾದ ‘2031ರ ಕರಡು’ ಆಕ್ಷೇಪಣೆಗಳಲ್ಲಿ ಮುಳುಗಿ, ಕೊನೆಗೆ ಸರ್ಕಾರವೇ ಅದನ್ನು ಕೈಬಿಟ್ಟಿತು. 2025ರಲ್ಲಿ ಪಾಲಿಕೆ ಐದು ಹೋಳಾಗಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ಹೊಸ ಕರಡು ಬಂದಾಗ ನೂರಾರು ಪುಟದ ನಿಯಮಾವಳಿಯಲ್ಲಿ ಸಿ-1 ಎಷ್ಟು, ಸಿ-2 ಎಷ್ಟು ಎಂದು ಸಂಘಗಳು ಭೂತಗನ್ನಡಿ ಹಿಡಿಯುತ್ತವೆ. ಅವರು ಬೇಡಬೇಕಾದದ್ದು ಮಡಚಿ ಜೇಬಿನಲ್ಲಿಟ್ಟುಕೊಳ್ಳುವಷ್ಟು ಸಣ್ಣ ನಿಯಮ: ಇಷ್ಟು ಸದ್ದು, ಇಷ್ಟು ಹೊಗೆ, ಇಷ್ಟು ಕೊಳಚೆ, ಇಷ್ಟು ತುರ್ತು ಬಾಗಿಲು, ಅದರೊಳಗಿದ್ದರೆ ಹೊಲಿಯಿರಿ, ಬೀಸಿರಿ, ಪಾಠ ಹೇಳಿರಿ, ದೋಸೆ ಹುಯ್ಯಿರಿ. ಅದರ ಜತೆಗೆ ಯಾವ ಮಂತ್ರಿಯ ಟಿಪ್ಪಣಿಯಿಂದಲೂ, ಯಾವ ಶುಲ್ಕದಿಂದಲೂ ಬದಲಾಗದ ಒಂದು ನಕ್ಷೆ, ಅದರಲ್ಲಿ ಕೆರೆ, ಕಾಲುವೆ, ಉದ್ಯಾನ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ, ಕೈ ಮೇಲೆತ್ತಿ, ಸ್ವಲ್ಪ ವ್ಯಂಗ್ಯವಾಗಿ: ‘ನಿಮ್ಮ ಪಕ್ಕದ ಮನೆಗೇ ಪಬ್ ಬಂದರೆ ಏನು ಮಾಡ್ತೀರಿ ಸ್ವಾಮಿ?’ ಹತ್ತು ಗಂಟೆಗೆ ಪೊಲೀಸಿಗೆ ಫೋನ್ ಮಾಡುತ್ತೇನೆ, ಮೀಟರು ತನ್ನಿ ಎನ್ನುತ್ತೇನೆ, ಬಾರದಿದ್ದರೆ ಬರುವ ತನಕ ಜಗಳ ಮಾಡುತ್ತೇನೆ. ಆದರೆ ಅವಿನ್ಯೂ ರಸ್ತೆಯಲ್ಲಿ ಅಂಗಡಿಯ ಅಟ್ಟದ ಮೇಲೆ ಮಲಗುವ ಹಮಾಲಿಗೆ ನೀವೇನು ಹೇಳುತ್ತೀರಿ? ಅವನದು ವಾಣಿಜ್ಯ ವಲಯ; ಶಬ್ದದ ನಿಯಮವೇ ಅಲ್ಲಿ ರಾತ್ರಿ ಹತ್ತು ಡೆಸಿಬಲ್ ಹೆಚ್ಚು ಕೊಟ್ಟಿದೆ. ನಕ್ಷೆಯಲ್ಲಿ ಅವನಿಗೆ ಮನೆಯೇ ಇಲ್ಲದ್ದರಿಂದ ಅವನ ನಿದ್ದೆಯ ಬಗ್ಗೆ ಇದುವರೆಗೆ ಯಾವ ಸಂಘವೂ ಕೋರ್ಟಿಗೆ ಹೋಗಿದ್ದು ನಾನು ಕೇಳಿಲ್ಲ.